ಬೆನ್ನ ಮೇಲಿನ ಹೆಸರು

ಮದುವೆಯ ಹಿಂದಿನ ದಿನ ಸಂಜೆ ಛತ್ರದ ಹಾಲಿನಲ್ಲಿ ಎರಡೂ ಕಡೆಯವರು ಸೇರಿರುತ್ತಾರೆ. ಉತ್ಸಾಹಿಗಳೊಬ್ಬರು ಮೈಕು ಹಿಡಿದು "ಎಲ್ಲರೂ ಒಂದೊಂದು ಮಾತಲ್ಲಿ ಪರಿಚಯ ಹೇಳ್ಕೊಂಡುಬಿಡಿ, ನಾಳೆ ಗಲಾಟೇಲಿ ಮಾತಾಡೋಕಾಗಲ್ಲ" ಅನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಮೈಕು ಕೈಯಿಂದ ಕೈಗೆ ಹೋಗುತ್ತದೆ. ಹೆಸರು, ಊರು, ಕೆಲಸ, "ನಾನು ಹುಡುಗಿಗೆ ಸೋದರಮಾವ ಆಗ್ಬೇಕು". 40 ಜನಕ್ಕೆ ತಲಾ ಅರ್ಧ ನಿಮಿಷವೆಂದರೂ 20 ನಿಮಿಷ. ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅದೇ ಜನ ಎದುರುಬದುರಾದಾಗ ಇಬ್ಬರಿಗೂ ಹೆಸರು ನೆನಪಿರುವುದಿಲ್ಲ, ಸಂಬಂಧವೂ ನೆನಪಿರುವುದಿಲ್ಲ. ಒಂದು ನಗೆ ಬೀರಿ ದಾಟಿ ಹೋಗುತ್ತಾರೆ. ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ, ಕಾಲೇಜಿನ ಮೊದಲ ವಾರದಲ್ಲಿ, ಹೊರದೇಶದ ಕನ್ನಡ ಸಂಘದ ಯುಗಾದಿ ಕೂಟದಲ್ಲಿ ನಡೆಯುವುದೂ ಇದೇ.

ಇದಕ್ಕೆ ಕಾರಣ ಜನರ ಅಸಡ್ಡೆಯಲ್ಲ. 1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಗುಂಪಾಗಿ ಕೂತವರು ಸರದಿಯಂತೆ ಒಂದೊಂದು ಪದ ಗಟ್ಟಿಯಾಗಿ ಓದಬೇಕು, ಆಮೇಲೆ ಕೇಳಿದ್ದನ್ನು ನೆನಪಿಸಿಕೊಳ್ಳಬೇಕು. ತಮ್ಮ ಸರದಿ ಬರುವುದಕ್ಕೆ ಸ್ವಲ್ಪ ಮೊದಲು ಕಿವಿಗೆ ಬಿದ್ದ ಪದಗಳನ್ನೇ ಜನ ಹೆಚ್ಚಾಗಿ ಮರೆತಿದ್ದರು. ಮೈಕು ನಮ್ಮತ್ತ ಬರುತ್ತಿದ್ದಾಗ ನಾವೂ ಒಳಗೊಳಗೇ ನಮ್ಮ ವಾಕ್ಯ ಜೋಡಿಸಿಕೊಳ್ಳುತ್ತಿರುತ್ತೇವೆ, ಪಕ್ಕದವರು ಹೇಳಿದ್ದು ಕಿವಿಯ ಹೊರಗೇ ಉಳಿಯುತ್ತದೆ. ಹೇಳಿ ಮುಗಿಸಿದ ಮೇಲೆ "ಸರಿಯಾಗಿ ಹೇಳಿದೆನಾ" ಎಂಬ ಯೋಚನೆ. ಹಾಗಾಗಿ ಪಕ್ಕದಲ್ಲೇ ಕೂತವರೇ, ಅಂದರೆ ಮಾತು ಬೆಳೆಯಬಹುದಾಗಿದ್ದವರೇ, ನಮಗೆ ಹೆಚ್ಚು ಅಪರಿಚಿತರಾಗಿ ಉಳಿಯುತ್ತಾರೆ.

ನಮ್ಮ ಬಗ್ಗೆ ನಾವೇ ಹೇಳಿಕೊಂಡದ್ದು ಎದುರಿನವರ ತಲೆಯಲ್ಲಿ ನಿಲ್ಲುವುದಿಲ್ಲ. ಅವರು ಕೇಳಿ ತಿಳಿದುಕೊಂಡದ್ದು ನಿಲ್ಲುತ್ತದೆ. ಗುರುತು ಹಿಡಿಯುವ ಆಟಗಳೆಲ್ಲ ಮಾಡುವುದು ಇಷ್ಟೇ, ಕೇಳುವುದಕ್ಕೊಂದು ನೆಪ ಒದಗಿಸುವುದು. ನಾಚಿಕೆಯವರಿಗೆ ಅಪರಿಚಿತರ ಬಳಿ ಹೋಗಿ ಮಾತು ತೆಗೆಯುವುದು ದೊಡ್ಡ ಕೆಲಸ. ಬೆನ್ನಿಗೆ ಅಂಟಿದ ಚೀಟಿಯಲ್ಲಿ ಯಾರ ಹೆಸರಿದೆಯೆಂದು ಬೇರೆಯವರನ್ನು ಕೇಳಿ ಊಹಿಸುವ ಆಟವಾದರೆ ಆ ಕೆಲಸ ಆಟದ ನಿಯಮವೇ ಆಗಿಬಿಡುತ್ತದೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಗುರುತು ಊಹಿಸುವ ಆಟವನ್ನು ನಾವು ದಿನವೂ ಆಡುತ್ತೇವೆ, ಆಟವೆನ್ನುವುದಿಲ್ಲ ಅಷ್ಟೇ. "ನಿಮ್ಮದು ಯಾವ ಕಡೆ?", "ಮನೆತನದ ಹೆಸರೇನು?", "ನಾನ್‌ವೆಜ್ ತಿಂತೀರಾ?" ಎಂದು ಒಂದೊಂದಾಗಿ ಕೇಳುತ್ತ ಜಾತಿಯ ಹತ್ತಿರ ಬರುವ ಆ ಆಟದಲ್ಲಿ ಕೇಳುವವರು ಒಬ್ಬರು, ಬಯಲಾಗುವವರು ಇನ್ನೊಬ್ಬರು. ಒಳ್ಳೆಯ ಆಟ ಇದನ್ನು ತಿರುವುಮುರುವು ಮಾಡುತ್ತದೆ. ಎಲ್ಲರೂ ಕೇಳುವವರು, ಎಲ್ಲರೂ ತಮ್ಮದೇ ಗುರುತು ತಿಳಿಯದವರು. ಗೊತ್ತಿಲ್ಲದಿರುವುದರಿಂದ ಇಲ್ಲಿ ಯಾರಿಗೂ ನಷ್ಟವಿಲ್ಲ. ಆಟ ಏರ್ಪಡಿಸುವವರು ಕಾಪಾಡಬೇಕಾದದ್ದು ಈ ಒಂದನ್ನು. ಮುಂದೆ ಹೇಳುವ ನಿಯಮಗಳೆಲ್ಲ ಅದಕ್ಕಾಗಿಯೇ.

ಹೂವಿನ ಹೆಸರು, ಕಳ್ಳನ ಚೀಟಿ

ಈ ಬಗೆಯ ಆಟಗಳು ಕಂಪನಿ ತರಬೇತಿಗಳಿಂದ ಬಂದವು ಎಂದು ತಿಳಿದವರಿದ್ದಾರೆ. ನಮ್ಮ ಮಕ್ಕಳು ಬಯಲಲ್ಲಿ ಆಡುತ್ತಿದ್ದ ಹೂವಿನ ಆಟವನ್ನು ಅವರು ಒಮ್ಮೆ ನೋಡಬೇಕು. ಎರಡು ಗುಂಪು ಎದುರುಬದುರು ಸಾಲಾಗಿ ಕೂರುತ್ತದೆ. ನಾಯಕರಿಬ್ಬರೂ ತಮ್ಮ ಗುಂಪಿನ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹೂವಿನ ಹೆಸರು ಹೇಳಿಡುತ್ತಾರೆ. ಒಬ್ಬ ನಾಯಕಿ ಎದುರು ಸಾಲಿಗೆ ಹೋಗಿ ಒಂದು ಮಗುವಿನ ಕಣ್ಣು ಮುಚ್ಚಿ "ಸಂಪಿಗೆ ಹೂವೇ ಬಾ" ಎಂದು ಕರೆಯುತ್ತಾಳೆ. ಸಂಪಿಗೆ ಎಂಬ ಹೆಸರಿನವಳು ಸದ್ದಿಲ್ಲದೆ ಬಂದು, ಮುಚ್ಚಿದ ಕಣ್ಣಿನ ಮೇಲೆ ಹಣೆಗೆ ಮೆಲ್ಲಗೆ ತಟ್ಟಿ, ವಾಪಸು ಹೋಗಿ ಕೂರುತ್ತಾಳೆ. ಕೂತ ಮೇಲೆ ಆ ಸಾಲಿನವರೆಲ್ಲ ಒಂದೇ ರೀತಿ ತಲೆ ತಗ್ಗಿಸಬೇಕು. ಕಣ್ಣು ಬಿಟ್ಟ ಮಗು ಯಾರು ಬಂದಿದ್ದರೆಂದು ಹೇಳಬೇಕು. ಕಾಲ್ಗೆಜ್ಜೆಯ ಸದ್ದು, ಬಳೆ, ತಲೆಗೆ ಹಚ್ಚಿದ ಎಣ್ಣೆಯ ವಾಸನೆ, ಬೆರಳಿನ ತಣ್ಪು, ಓಡಿದವಳ ಏದುಸಿರು, ಎಲ್ಲವೂ ಸುಳಿವು. ಜಾಣೆಯರು ಬರುವ ಮೊದಲು ಗೆಜ್ಜೆ ಬಿಚ್ಚಿಡುತ್ತಿದ್ದರು, ಇನ್ನೂ ಜಾಣೆಯರು ಪಕ್ಕದವಳ ಗೆಜ್ಜೆ ಹಾಕಿಕೊಳ್ಳುತ್ತಿದ್ದರು. ಮಗು ಅಲ್ಲಿ ಕಲಿಯುತ್ತಿದ್ದದ್ದು ಬೇರೆಯವರನ್ನು ಗಮನಿಸುವುದನ್ನು. ಹೆಸರು ಗೊತ್ತಿಲ್ಲದ ಹೊಸ ಹುಡುಗಿ ಆಟಕ್ಕೆ ಸೇರಿದರೆ ಸಂಜೆಯ ಹೊತ್ತಿಗೆ ಅವಳ ನಡಿಗೆಯೂ ಎಲ್ಲರಿಗೂ ಗೊತ್ತಾಗಿರುತ್ತಿತ್ತು.

ಮಳೆಗಾಲದ ಜಗಲಿಗೆ ಕಳ್ಳ–ಪೊಲೀಸ್ ಚೀಟಿ. ನಾಲ್ಕು ಚೀಟಿ: ರಾಜ 1000, ಮಂತ್ರಿ 800, ಪೊಲೀಸ್ 500, ಕಳ್ಳ 0. ಅಂಕಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ, ಆರು ಮಂದಿಯಿದ್ದರೆ ರಾಣಿ, ಸೇನಾಪತಿ ಸೇರುತ್ತಾರೆ. ಚೀಟಿ ಕುಲುಕಿ ಎಸೆದು, ಎಲ್ಲರೂ ಒಂದೊಂದು ಎತ್ತಿಕೊಂಡ ಮೇಲೆ ರಾಜ ಪೊಲೀಸನನ್ನು ಕರೆಯುತ್ತಾನೆ, ಪೊಲೀಸು ಉಳಿದ ಇಬ್ಬರಲ್ಲಿ ಕಳ್ಳನನ್ನು ಹಿಡಿಯಬೇಕು. ತಪ್ಪಿದರೆ ಅವನ 500 ಕಳ್ಳನ ಪಾಲು. ಲೆಕ್ಕಕ್ಕೆ ಇದು ಅರ್ಧಕ್ಕರ್ಧ ಅದೃಷ್ಟ. ಆದರೂ ಮುಖ ನೋಡುವ ಆ ಕೆಲವು ಕ್ಷಣಕ್ಕಾಗಿಯೇ ಮಕ್ಕಳು ಗಂಟೆಗಟ್ಟಲೆ ಆಡುತ್ತಾರೆ. ಇದು ಕೆಡುವುದು ಕಾಗದದಿಂದ. ನೋಟ್‌ಬುಕ್ಕಿನ ತೆಳು ಹಾಳೆಯಲ್ಲಿ ಇಂಕ್ ಪೆನ್ನಿನಿಂದ ಬರೆದರೆ ಹಿಂದಿನಿಂದ ಅಕ್ಷರ ಕಾಣುತ್ತದೆ, ನಾಲ್ಕಾರು ಸುತ್ತಿನಲ್ಲಿ ಕಳ್ಳನ ಚೀಟಿಯ ಮೂಲೆ ಸವೆದು ಎಲ್ಲರಿಗೂ ಗುರುತು ಸಿಗುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಒಂದೇ ಅಳತೆಗೆ ಕತ್ತರಿಸಿ, ಪೆನ್ಸಿಲಿನಲ್ಲಿ ಬರೆದು, ಎರಡು ಮಡಿಕೆ ಮಾತ್ರ ಮಡಿಸಿ. ಹತ್ತು ಸುತ್ತಿಗೊಮ್ಮೆ ಹೊಸ ಚೀಟಿ.

ದೊಡ್ಡವರದ್ದೂ ಒಂದಿದೆ. ಉತ್ತರ ಕರ್ನಾಟಕದಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು ಗಂಡನ ಹೆಸರು ಹೇಳೆಂದು ನಾದಿನಿಯರು ಪಟ್ಟು ಹಿಡಿಯುತ್ತಾರೆ. ಸೊಸೆ ಒಡಪು ಹಾಕಿ, ಅಂದರೆ ಪ್ರಾಸದ ಎರಡು ಸಾಲಿನ ನಡುವೆ ಹೆಸರು ಸೇರಿಸಿ ಹೇಳಬೇಕು. ಅಲ್ಲಿ ಹೆಸರು ಎಲ್ಲರಿಗೂ ಗೊತ್ತಿರುವಂಥದ್ದೇ, ಊಹಿಸುವುದೇನೂ ಇಲ್ಲ. ಆದರೆ ಹೊಸ ಮನೆಯಲ್ಲಿ ಬಾಯಿ ಬಿಡಲು ಹಿಂಜರಿಯುವ ಹುಡುಗಿಗೆ ಮೊದಲ ಮಾತು ಆಡಲು ಒಂದು ಸಿದ್ಧ ಅಚ್ಚು ಸಿಗುತ್ತದೆ, ಮಾತಾಡಿದ ಕೂಡಲೇ ಚಪ್ಪಾಳೆಯೂ ಸಿಗುತ್ತದೆ. ಸಂಕೋಚದವರನ್ನು ಮಾತಿಗೆ ಎಳೆಯಬೇಕಾದರೆ ಏನು ಹೇಳಬೇಕೆಂಬ ಅಚ್ಚನ್ನು ಮೊದಲೇ ಕೈಗೆ ಕೊಡಬೇಕು ಎನ್ನುವುದನ್ನು ನಮ್ಮ ಹೆಂಗಸರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ನಾದಿನಿಯರು ಒಂದೆರಡು ಒಡಪು ಆದ ಮೇಲೂ ಬಾಗಿಲು ಬಿಡದೆ ಸತಾಯಿಸಿದರೆ ಅದೇ ಆಟ ಪರೀಕ್ಷೆಯಾಗುತ್ತದೆ. ಆಗ ಹಿರಿಯರೊಬ್ಬರು "ಸಾಕ್ ಬಿಡ್ರಿ" ಎನ್ನಬೇಕು.

ಬೆನ್ನಿಗೆ ಅಂಟಿಸುವ ಬಗೆ

ಈಗ ದೊಡ್ಡ ಗುಂಪಿನ ಆಟಕ್ಕೆ ಬರೋಣ. ಪ್ರತಿಯೊಬ್ಬರ ಬೆನ್ನಿಗೂ ಒಂದು ಹೆಸರು. ಅದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಕಾಣುತ್ತದೆ. ಓಡಾಡಿ, ಹೌದು–ಅಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳಿ, "ನಾನು ಯಾರು" ಎಂದು ಕಂಡುಹಿಡಿಯಬೇಕು. ಕೇಳಲು ಸುಲಭ. ಕೆಡುವುದೆಲ್ಲ ಸಣ್ಣಪುಟ್ಟದರಲ್ಲಿ.

ಮೊದಲು ಅಂಟು. ಪಿನ್ನು ರೇಷ್ಮೆ ಸೀರೆಗೆ ಕೂಡದು, ಮಕ್ಕಳ ಬೆನ್ನಿಗಂತೂ ಬೇಡವೇ ಬೇಡ. ಸ್ಟಿಕ್ಕರು ಬೆವರಿಗೆ ಹತ್ತು ನಿಮಿಷದಲ್ಲಿ ಉದುರುತ್ತದೆ, ಬಿದ್ದ ಚೀಟಿಯನ್ನು ಎತ್ತಿದವರಿಗೆ ಹೆಸರು ಗೊತ್ತಾಗಿ ಆಟ ಅಲ್ಲಿಗೇ ಮುಗಿಯುತ್ತದೆ. ಎ4 ಹಾಳೆಯನ್ನು ಅರ್ಧ ಮಾಡಿ, ಮೇಲಿನ ಎರಡು ಮೂಲೆಗೆ ತೂತು ಹೊಡೆದು, ಉಲ್ಲನ್ ದಾರ ಕಟ್ಟಿ ಹಾರದಂತೆ ಕೊರಳಿಗೆ ಹಾಕಿ ಹಾಳೆಯನ್ನು ಬೆನ್ನಿಗೆ ತಿರುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ದಾರ ಸುಮಾರು 80 ಸೆಂಟಿಮೀಟರ್ ಇರಲಿ. ಗಿಡ್ಡವಾದರೆ ಜಡೆ, ಮಲ್ಲಿಗೆ ದಂಡೆ ಹೆಸರನ್ನು ಮುಚ್ಚುತ್ತದೆ. ಅಕ್ಷರ ದಪ್ಪ ಮಾರ್ಕರಿನಲ್ಲಿ, ಆರೇಳು ಅಡಿ ದೂರದಿಂದ ಕನ್ನಡಕವಿಲ್ಲದ ಅಜ್ಜನಿಗೂ ಕಾಣುವಷ್ಟು. ಹೊರದೇಶದಲ್ಲಿ ಹುಟ್ಟಿದ ಮಕ್ಕಳು ಇದ್ದಾರೆಂದರೆ ಕನ್ನಡದ ಕೆಳಗೆ ಸಣ್ಣದಾಗಿ ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ. 30 ಜನಕ್ಕೆ 40 ಹೆಸರು ಸಿದ್ಧವಿರಲಿ, ಯಾರಿಗಾದರೂ ಗೊತ್ತಿಲ್ಲದ ಹೆಸರು ಬಂದರೆ ಬದಲಿಸಬಹುದು.

ನಿಯಮ ಮೂರೇ ಮೂರು. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಪ್ರಶ್ನೆ ಕೇಳುವಂತಿಲ್ಲ, ಮುಂದಿನವರ ಹತ್ತಿರ ಹೋಗಬೇಕು. ನೀವು ಕೇಳಿದ ಮೇಲೆ ಅವರಿಗೂ ಕೇಳಲು ಬಿಡಬೇಕು. ಉತ್ತರ "ಹೌದು", "ಅಲ್ಲ", "ಹೇಳೋಕಾಗಲ್ಲ" ಇಷ್ಟೇ. ಮೊದಲ ನಿಯಮ ಇಲ್ಲದಿದ್ದರೆ ಅಣ್ಣ ತಂಗಿಯ ಹತ್ತಿರ, ಗೆಳತಿ ಗೆಳತಿಯ ಹತ್ತಿರ ನಿಂತು ಐದು ನಿಮಿಷದಲ್ಲಿ ಆಟ ಮುಗಿಸಿ ಕೂತುಬಿಡುತ್ತಾರೆ, ಎರಡು ಕಡೆ ಬೆರೆಯುವುದೇ ಇಲ್ಲ. ಬೀಗರ ನಡುವೆ ಆಡುವಾಗ ಇನ್ನೂ ಒಂದು ಬಿಗಿ ಹಾಕಬಹುದು: ದಾರ ಎರಡು ಬಣ್ಣದ್ದಿರಲಿ, ಹುಡುಗಿಯ ಕಡೆಗೆ ಹಸಿರು, ಹುಡುಗನ ಕಡೆಗೆ ಹಳದಿ, ಪ್ರಶ್ನೆ ಕೇಳುವುದು ಬೇರೆ ಬಣ್ಣದವರನ್ನು ಮಾತ್ರ. ಉತ್ತರ ಸಿಕ್ಕವರು ಹಾಳೆಯನ್ನು ಎದೆಗೆ ತಿರುಗಿಸಿಕೊಂಡು ಆಟದಲ್ಲೇ ಉಳಿಯುತ್ತಾರೆ, ಬೇರೆಯವರಿಗೆ ಉತ್ತರ ಹೇಳುತ್ತಾರೆ.

ಮಂಡಿನೋವಿನವರು, ವಯಸ್ಸಾದವರು ಓಡಾಡಲಾರರು ಎಂದು ಅವರನ್ನು ಪ್ರೇಕ್ಷಕರನ್ನಾಗಿ ಕೂರಿಸುವುದನ್ನು ಮಾತ್ರ ಒಪ್ಪಲಾಗದು. ಕುರ್ಚಿಗಳನ್ನು ಗೋಡೆಯ ಉದ್ದಕ್ಕೂ ಬಿಡಿಬಿಡಿಯಾಗಿ ಹಾಕಿ, ಕೂತವರಿಗೆ ಎರಡು ವಿಶೇಷ ಅಧಿಕಾರ ಕೊಡಿ: ಅವರನ್ನು ಎಷ್ಟು ಪ್ರಶ್ನೆಯನ್ನಾದರೂ ಕೇಳಬಹುದು, ಅವರು ಬಯಸಿದರೆ ಒಂದು ಸುಳಿವನ್ನೂ ಕೊಡಬಹುದು. ಹತ್ತನೆಯ ನಿಮಿಷಕ್ಕೆ ಅಜ್ಜಿಯ ಕುರ್ಚಿಯ ಸುತ್ತ ಹುಡುಗರು ಮುತ್ತಿಕೊಂಡಿರುತ್ತಾರೆ. ಒಟ್ಟು ಆಟ 15 ನಿಮಿಷ. ಅಷ್ಟರಲ್ಲಿ ಮುಕ್ಕಾಲು ಜನರಿಗೆ ಗೊತ್ತಾಗಿರುತ್ತದೆ. ಉಳಿದವರನ್ನು ನಡುವೆ ನಿಲ್ಲಿಸಿ ಎಲ್ಲರೂ ಕೂಗಿ ಹೇಳಿಕೊಡುವ ಪದ್ಧತಿಯೊಂದಿದೆ, ಅದು ಬೇಡ. 12ನೇ ನಿಮಿಷಕ್ಕೆ "ಈಗ ಎಲ್ಲರೂ ಸುಳಿವು ಕೊಡಬಹುದು" ಎಂದು ಸಾರಿಬಿಟ್ಟರೆ ಯಾರೂ ಕೊನೆಯವರಾಗಿ ಉಳಿಯುವುದಿಲ್ಲ.

ಯಾವ ಹೆಸರು, ಯಾರ ಬೆನ್ನಿಗೆ

ಆಟ ಗೆಲ್ಲುವುದೂ ಸೋಲುವುದೂ ಹೆಸರಿನ ಪಟ್ಟಿಯಲ್ಲಿ. ಎಂಟು ವರ್ಷದ ಹುಡುಗನಿಗೂ ಎಪ್ಪತ್ತರ ಅಜ್ಜಿಗೂ ಗೊತ್ತಿರುವ ಹೆಸರುಗಳು ನಾವು ಅಂದುಕೊಂಡಷ್ಟು ಹೆಚ್ಚಿಲ್ಲ. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ, ರಾಜ್‌ಕುಮಾರ್, ಪುನೀತ್, ದ್ರಾವಿಡ್, ಕುಂಬ್ಳೆ, ತೆನಾಲಿ ರಾಮ, ಹನುಮಂತ, ಶಕುನಿ, ಏಕಲವ್ಯ, ಪುಣ್ಯಕೋಟಿ, ದಸರಾ ಆನೆ ಅರ್ಜುನ, ಇವು ಎಲ್ಲ ಕಡೆ ನಡೆಯುತ್ತವೆ. ಹಾಲಿವುಡ್ ಸಾಹಸವೀರರು ಅಜ್ಜಿಗೆ ಗೊತ್ತಿಲ್ಲ, ಕಪ್ಪುಬಿಳುಪು ಕಾಲದ ನಟರು ಹುಡುಗರಿಗೆ ಗೊತ್ತಿಲ್ಲ. ತನಗೆ ಗೊತ್ತಿಲ್ಲದ ಹೆಸರಿನ ಬಗ್ಗೆ ಉತ್ತರ ಕೊಡಬೇಕಾದವರು ಪೆಚ್ಚಾಗುತ್ತಾರೆ, ತಪ್ಪು ಉತ್ತರ ಕೊಡುತ್ತಾರೆ, ಕೇಳಿದವರು ಇಡೀ ಆಟ ದಾರಿತಪ್ಪುತ್ತಾರೆ. ಪಟ್ಟಿ ಮಾಡಿದ ಮೇಲೆ ಮನೆಯ ಅತಿ ಕಿರಿಯರಿಗೊಮ್ಮೆ, ಅತಿ ಹಿರಿಯರಿಗೊಮ್ಮೆ ಓದಿ ಹೇಳಿ. ಇಬ್ಬರಲ್ಲಿ ಯಾರಾದರೂ "ಅದ್ಯಾರು?" ಎಂದರೆ ಆ ಹೆಸರಿಗೆ ಅಡ್ಡಗೆರೆ ಹಾಕಿ. ಈಗಿನ ರಾಜಕಾರಣಿಗಳನ್ನು ಪಟ್ಟಿಗೆ ಸೇರಿಸಬೇಡಿ, "ಒಳ್ಳೆಯವನಾ?" ಎಂಬ ಪ್ರಶ್ನೆ ಬಂದ ಕೂಡಲೇ ಆಟ ನಿಂತು ವಾದ ಶುರುವಾಗುತ್ತದೆ.

ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಒಂದು ಕುಟುಂಬ ಕೂಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ಹತ್ತನೇ ಕ್ಲಾಸಿನ ಹುಡುಗ, ಸ್ವಲ್ಪ ದಪ್ಪ, ಸಂಕೋಚದವನು. ಚಿಕ್ಕಪ್ಪನೊಬ್ಬ ಚೀಟಿಗಳಲ್ಲಿ ಹುಡುಕಿ ಅವನ ಬೆನ್ನಿಗೆ "ಕುಂಭಕರ್ಣ" ಹಾಕಿದ. ಹುಡುಗ ಮೊದಮೊದಲು ಹುರುಪಿನಿಂದಲೇ ಓಡಾಡಿದ. "ನಾನು ಪುರಾಣದವನಾ?" "ಹೌದು." "ರಾಮಾಯಣದವನಾ?" "ಹೌದು." ಉತ್ತರಕ್ಕಿಂತ ಮೊದಲೇ ಪ್ರತಿಯೊಬ್ಬರ ಮುಖದಲ್ಲೂ ನಗು. ಯಾರೋ ಕೇಳದಿದ್ದರೂ "ಊಟದಲ್ಲಿ ನಿನ್ನಷ್ಟೇ ಹೆಸರುವಾಸಿ" ಎಂದರು. ಅವನಿಗೆ ಹೆಸರು ಹೊಳೆಯಿತು, ಈ ಹೆಸರು ತನಗೇ ಯಾಕೆ ಬಂತು ಎಂಬುದೂ ಅದೇ ಕ್ಷಣ ಹೊಳೆಯಿತು. ದಾರ ತೆಗೆದು, ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಕಾರು ನಿಲ್ಲಿಸಿದ್ದ ಕಡೆಗೆ ಹೋದ. ಅವನ ಅಕ್ಕ ಹಿಂದೆ ಹೋದಳು. ಒಳಗೆ ಆಟ ಮುಂದುವರಿಯಿತು. ಯಾರಿಗೂ ಅವನನ್ನು ನೋಯಿಸುವ ಮನಸ್ಸಿರಲಿಲ್ಲ, ಆದರೂ ಇಡೀ ಮನೆ ಸೇರಿ ಅವನನ್ನು ನೋಯಿಸಿತು. ಎಲ್ಲರಿಗೂ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದಿರುವುದು ಈ ಆಟದ ಮಜಾ. ಆ ಗುಟ್ಟು ಅವನ ದೇಹದ ಬಗ್ಗೆಯೇ ಆಗಿಬಿಟ್ಟರೆ ಅದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ.

ಆದ್ದರಿಂದ ಯಾರ ಬೆನ್ನಿಗೆ ಯಾವ ಹೆಸರು ಎಂದು ಯಾರೂ ಆರಿಸಕೂಡದು. ಹಾಳೆಗಳನ್ನು ಮಗುಚಿ ಜೋಡಿಸಿಟ್ಟು, ಮೇಲಿನಿಂದ ಬಂದದ್ದನ್ನು ಬಂದವರಿಗೆ ಹಾಕಬೇಕು. ಅದಷ್ಟೇ ಸಾಲದು, ಯಾಕೆಂದರೆ ಅದೃಷ್ಟವೂ ಕುಂಭಕರ್ಣನನ್ನು ಆ ಹುಡುಗನಿಗೇ ತಂದುಕೊಡಬಹುದು. ದೇಹ, ಬಣ್ಣ, ಕುಂಟು, ಕುರುಡು, ಎತ್ತರ ಇವುಗಳಿಂದಲೇ ಹೆಸರಾದವರು ಪಟ್ಟಿಯಲ್ಲೇ ಇರಬಾರದು. ಶೂರ್ಪನಖಿ, ಮಂಥರೆ, ಅಷ್ಟಾವಕ್ರ ಬೇಡ. ಶಕುನಿ ಇರಲಿ, ಅವನ ಗುರುತು ಪಗಡೆ.

ಹೇಗೆ ಕೇಳಬೇಕು

1946ರಲ್ಲಿ ಅಮೆರಿಕದ ಮ್ಯೂಚುಯಲ್ ರೇಡಿಯೊದಲ್ಲಿ, ಮನಸ್ಸಿನಲ್ಲಿಟ್ಟುಕೊಂಡ ಒಂದು ಸಂಗತಿಯನ್ನು ಹೌದು–ಅಲ್ಲ ಉತ್ತರದ 20 ಪ್ರಶ್ನೆಗಳಲ್ಲಿ ಊಹಿಸುವ ಕಾರ್ಯಕ್ರಮ ಶುರುವಾಯಿತು. ಅದನ್ನು ನಡೆಸಿದ್ದು ಫ್ರೆಡ್ ವ್ಯಾನ್ ಡೆವೆಂಟರ್ ಎಂಬ ವಾರ್ತಾವಾಚಕರ ಕುಟುಂಬ, ಮನೆಯಲ್ಲಿ ಊಟದ ಹೊತ್ತಿಗೆ ಆಡುತ್ತಿದ್ದ ಆಟವನ್ನೇ ಅವರು ರೇಡಿಯೊಗೆ ತಂದರು. 20 ಪ್ರಶ್ನೆ ಕಡಿಮೆಯೆನಿಸುತ್ತದೆ. ಆದರೆ ಪ್ರತಿ ಪ್ರಶ್ನೆಯೂ ಉಳಿದಿರುವುದನ್ನು ಸರಿಯಾಗಿ ಎರಡು ಪಾಲು ಮಾಡಿದರೆ, 20 ಪ್ರಶ್ನೆಯಲ್ಲಿ 10,48,576 ಸಂಗತಿಗಳ ನಡುವಿನಿಂದ ಒಂದನ್ನು ಹೆಕ್ಕಬಹುದು. ನಮ್ಮ 40 ಹೆಸರಿಗೆ ಆರು ಪ್ರಶ್ನೆ ಸಾಕು. ಯಾರಿಗೂ ಆರರಲ್ಲಿ ಆಗುವುದಿಲ್ಲ, ಯಾಕೆಂದರೆ ಎಲ್ಲರೂ ಮೂರನೆಯ ಪ್ರಶ್ನೆಗೇ "ನಾನು ರಾಜ್‌ಕುಮಾರಾ?" ಎಂದು ಹಾರುತ್ತಾರೆ. ಒಂದು ಹೆಸರನ್ನು ಕೇಳಿ "ಅಲ್ಲ" ಎನಿಸಿಕೊಂಡರೆ ಕಳೆಯುವುದು ಒಂದೇ ಹೆಸರು, "ಸಿನಿಮಾದವರಾ?" ಎಂದು ಕೇಳಿ "ಅಲ್ಲ" ಎನಿಸಿಕೊಂಡರೆ ಎಂಟು ಹತ್ತು ಹೆಸರು ಒಟ್ಟಿಗೆ ಕಳೆಯುತ್ತವೆ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಎರಡನೇ ಸುತ್ತಿಗೆ ದೊಡ್ಡವರನ್ನು ಮೀರಿಸುತ್ತಾರೆ.

ಅರ್ಧ ಮಾಡುವ ಈ ಲೆಕ್ಕವನ್ನು ಕಣ್ಣೆದುರು ತೋರಿಸುವ ಆಟ 1979ರಲ್ಲಿ ಬಂದ ಗೆಸ್ ಹೂ. ಹಲಗೆಯ ಮೇಲೆ 24 ಮುಖ, ಎದುರಾಳಿಯ ಬಳಿ ಇರುವುದು ಯಾರೆಂದು ಕೇಳುತ್ತ ಒಂದೊಂದು ಮುಖವನ್ನೂ ಮಲಗಿಸುತ್ತ ಹೋಗಬೇಕು. ಮೊದಲ ಆವೃತ್ತಿಯಲ್ಲಿ 24ರಲ್ಲಿ ಹೆಂಗಸರು ಐದೇ. "ಹೆಂಗಸಾ?" ಎಂದು ಮೊದಲು ಕೇಳಿದರೆ ಬಹುಪಾಲು ಸಲ ಐದು ಮುಖ ಮಾತ್ರ ಮಲಗುತ್ತವೆ, ಅದು ದುಬಾರಿ ಪ್ರಶ್ನೆ. ನಮ್ಮ ಪಟ್ಟಿ ಹಾಗಾಗದಂತೆ ಹೆಂಗಸರ ಹೆಸರು ಅರ್ಧದಷ್ಟಿರಲಿ: ಅಕ್ಕಮಹಾದೇವಿ, ಒನಕೆ ಓಬವ್ವ, ಸಾಲುಮರದ ತಿಮ್ಮಕ್ಕ, ದ್ರೌಪದಿ, ಪಿ.ಟಿ. ಉಷಾ, ಲತಾ ಮಂಗೇಶ್ಕರ್. (ಆ ಆಟ ರೂಪಿಸಿದ ದಂಪತಿಯಲ್ಲಿ ಒಬ್ಬರಾದ ಥಿಯೊ ಕೋಸ್ಟರ್ ಹುಡುಗನಾಗಿದ್ದಾಗ, ನಾಜಿಗಳಿಂದ ಅಡಗಿದ್ದು ಡೈರಿ ಬರೆದ ಆನ್ ಫ್ರಾಂಕ್‌ಳ ಸಹಪಾಠಿ, ಯುದ್ಧಕಾಲದಲ್ಲಿ ಯಹೂದಿ ಎಂಬ ಗುರುತು ಮುಚ್ಚಿಟ್ಟು ಬದುಕಿ ಉಳಿದವರು. ಮುಖ ನೋಡಿ ಗುರುತು ಹಿಡಿಯುವುದು ಜೀವನ್ಮರಣದ ಪ್ರಶ್ನೆಯಾಗಿದ್ದ ಕಾಲವನ್ನು ಕಂಡವರು ಅದನ್ನು ಮಕ್ಕಳ ಆಟವಾಗಿಸಿದರು ಎಂಬುದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.)

ಕನ್ನಡದಲ್ಲಿ ಆಡುವಾಗ ನಮ್ಮ ಕ್ರಿಯಾಪದಗಳೇ ಗುಟ್ಟು ಬಿಟ್ಟುಕೊಡುತ್ತವೆ. "ನಾನು ಕ್ರಿಕೆಟ್ ಆಡ್ತೀನಾ?" ಎಂದರೆ "ಹೌದು, ಆಡ್ತಿದ್ರು" ಎಂದು ಒಬ್ಬರು ಹೇಳುತ್ತಾರೆ. ಈಗ ಆಡುವುದಿಲ್ಲ, ಗೌರವ ಕೊಡುವಷ್ಟು ಹಿರಿಯರು, ಎರಡೂ ಬಯಲಾಯಿತು. "ಹಾಡ್ತಾಳೆ" ಎಂದರೆ ಹೆಂಗಸೆಂದು ಗೊತ್ತಾಯಿತು. ಬರೀ ಹೌದು–ಅಲ್ಲ ಎಂದು ಬಿಗಿ ಮಾಡುವುದು ಇದಕ್ಕಾಗಿ. ಇನ್ನೊಂದು, ಎಲ್ಲರೂ ಮೊದಲು ಕೇಳುವುದು "ನಾನು ಬದುಕಿದ್ದೀನಾ?" ಎಂದು. ಮದುವೆ ಮನೆಯಲ್ಲಿ "ಇಲ್ಲ, ಸತ್ತು ಹೋಗಿದೀರ" ಎಂಬ ಉತ್ತರ ನಾಲ್ಕು ಕಡೆಯಿಂದ ಕೇಳಿಬಂದರೆ ಹಿರಿಯರಿಗೆ ಇಷ್ಟವಾಗುವುದಿಲ್ಲ, ಅವರ ಬೇಸರ ನ್ಯಾಯವಾದದ್ದೇ. "ಈಗಿನ ಕಾಲದವರಾ, ಹಿಂದಿನವರಾ ಅಂತ ಕೇಳಿ" ಎಂದು ಮೊದಲೇ ಹೇಳಿಕೊಡಿ.

ಗೋಡೆಯ ಮೇಲಿನ ಮಕ್ಕಳು

ಎರಡು ಕುಟುಂಬ ಕೂಡುವಾಗ ಇದಕ್ಕಿಂತ ಒಳ್ಳೆಯ ಆಟ ಬಾಲ್ಯದ ಫೋಟೋಗಳದ್ದು. ಹತ್ತು ದಿನ ಮುಂಚೆ ಪ್ರತಿಯೊಬ್ಬರಿಂದ ಐದು ವರ್ಷದೊಳಗಿನ ಒಂದು ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ, ಗ್ರೂಪಿಗೆ ಹಾಕದೆ ಒಬ್ಬರಿಗೇ ಕಳಿಸಬೇಕು. ಒಬ್ಬೊಬ್ಬರೇ ಇರುವ ಹಾಗೆ ಕತ್ತರಿಸಿ, ಎಲ್ಲವನ್ನೂ ಕಪ್ಪುಬಿಳುಪು ಮಾಡಿ, 4×6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಬಣ್ಣ ಬಿಟ್ಟರೆ ಬಣ್ಣದ ಫೋಟೋಗಳೆಲ್ಲ ಕಿರಿಯರದ್ದೆಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ನಂಬರು ಹಾಕಿ ಗೋಡೆಗೆ ಕಣ್ಣಿನ ಎತ್ತರಕ್ಕೆ ಅಂಟಿಸಿ, ಒಂದರಿಂದ ಒಂದಕ್ಕೆ ಒಂದೂವರೆ ಅಡಿ ಜಾಗ ಬಿಡಿ. ಒತ್ತಾಗಿ ಅಂಟಿಸಿದರೆ ಇಬ್ಬರು ನಿಂತರೆ ಮೂರನೆಯವರಿಗೆ ಕಾಣುವುದಿಲ್ಲ. 20ರಿಂದ 25 ಫೋಟೋ ಸಾಕು. ಉತ್ತರದ ಹಾಳೆಯನ್ನು ಒಬ್ಬೊಬ್ಬರಿಗೆ ಕೊಡದೆ ಎರಡೂ ಕಡೆಯಿಂದ ಒಬ್ಬೊಬ್ಬರು ಇರುವ ಜೋಡಿಗೆ ಒಂದರಂತೆ ಕೊಡಿ. ಆಗ ಹುಡುಗಿಯ ಅತ್ತಿಗೆಯೂ ಹುಡುಗನ ತಮ್ಮನೂ ಒಂದೇ ಪೆನ್ನು ಹಿಡಿದು "ಇದು ನಿಮ್ಮ ಕಡೆ ಮೂಗು" ಎಂದು ಚರ್ಚೆ ಮಾಡಬೇಕಾಗುತ್ತದೆ.

ಇಂಥದ್ದೊಂದು ಗೋಡೆಯ ಒಂಬತ್ತನೆಯ ಫೋಟೋ ನೆನಪಾಗುತ್ತದೆ. ಸ್ಟುಡಿಯೋದ ಚಿತ್ರದ ಪರದೆ, ಮೂರು ವರ್ಷದ ಮಗು, ಲಂಗ, ಸೊಂಟಕ್ಕೆ ಡಾಬು, ಹಿಂದೆ ಕನ್ನಡಿಯಿಟ್ಟು ತೋರಿಸಿದ ಉದ್ದನೆಯ ಮೊಗ್ಗಿನ ಜಡೆ. ಎಲ್ಲ ಜೋಡಿಗಳೂ ಹುಡುಗನ ಅತ್ತೆಯ ಹೆಸರು ಬರೆದಿದ್ದವು, ಮೂಗೂ ಹಾಗೇ ಇತ್ತು. ಅದು ಹುಡುಗನ ದೊಡ್ಡಪ್ಪ, ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ, ದಪ್ಪ ಮೀಸೆಯ, ಬಂದಾಗಿನಿಂದ ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಮನುಷ್ಯ. ಮನೆಯಲ್ಲಿ ಹೆಣ್ಣುಮಗು ಇಲ್ಲವೆಂದೋ, ಚೌಲಕ್ಕೆ ಮೊದಲು ಆಸೆ ತೀರಲೆಂದೋ ಗಂಡುಮಕ್ಕಳಿಗೆ ಜಡೆ ಹಾಕಿ ಫೋಟೋ ತೆಗೆಸುತ್ತಿದ್ದದ್ದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಹೆಸರು ಓದಿದಾಗ ಹಾಲಿನಲ್ಲಿ ಎದ್ದ ನಗುವಿನಲ್ಲಿ ಅವರದ್ದೇ ಎಲ್ಲಕ್ಕಿಂತ ಜೋರು. ಹುಡುಗಿಯ ಅಜ್ಜಿ ಎದ್ದು ಹೋಗಿ "ಅಷ್ಟು ಗಿಡ್ಡ ಕೂದಲಿಗೆ ಜಡೆ ಹೇಗೆ ನಿಲ್ಲಿಸಿದ್ರು?" ಎಂದು ಕೇಳಿದರು. ಚೌರಿ ಕಟ್ಟಿದ್ದು, ಮೊಗ್ಗನ್ನು ಬಾಳೆಪಟ್ಟೆಗೆ ಹೊಲಿದದ್ದು, ಭಾರಕ್ಕೆ ಕತ್ತು ಹಿಂದಕ್ಕೆ ಜಗ್ಗಿ ಅತ್ತದ್ದು, ಸ್ಟುಡಿಯೋದವನು ಪೆಪ್ಪರ್‌ಮೆಂಟ್ ಕೊಟ್ಟು ಸುಮ್ಮನಾಗಿಸಿದ್ದು, ಅಮ್ಮ ಹೇಳುತ್ತಿದ್ದ ಹಾಗೆ ಅವರು ಒಂದೊಂದಾಗಿ ಹೇಳಿದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮೈಕಿನಲ್ಲಿ ಪರಿಚಯ ಕೇಳಿದ್ದರೆ ಆ ಮನುಷ್ಯ ಹೆಸರು ಹೇಳಿ ಕೂತುಬಿಡುತ್ತಿದ್ದರು.

ಈ ಆಟಕ್ಕೂ ಒಂದು ಎಚ್ಚರ ಬೇಕು. ಎಲ್ಲರ ಮನೆಯಲ್ಲೂ ಬಾಲ್ಯದ ಫೋಟೋ ಇರುವುದಿಲ್ಲ. ಕ್ಯಾಮೆರಾ ಕಾಣದ ಬಡತನ, ನೆರೆಯಲ್ಲಿ ಹೋದ ಮನೆ, ಬೇರೆಯವರ ಆಶ್ರಯದಲ್ಲಿ ಬೆಳೆದವರು, ಕಾರಣ ಏನೇ ಇರಲಿ ಅವರಿಂದ ಹೇಳಿಸಬಾರದು. ಸಂದೇಶದಲ್ಲೇ "ಚಿಕ್ಕಂದಿನ ಫೋಟೋ, ಅಥವಾ ನಿಮ್ಮ ಅಂಗೈಯದ್ದು, ಅಥವಾ ನಿಮಗೆ ಪ್ರಿಯವಾದ ಒಂದು ಹಳೆಯ ವಸ್ತುವಿನದ್ದು" ಎಂದು ಮೂರು ದಾರಿ ಬಿಡಿ. ಗೋಡೆಯ ಮೇಲೆ ಅಂಗೈಗಳೂ ಹಳೆಯ ಗಡಿಯಾರಗಳೂ ಬೆರೆತಿದ್ದರೆ ಯಾರೂ ಬೇರೆಯಾಗಿ ಕಾಣುವುದಿಲ್ಲ.

ಉಳಿದವು

ಎರಡು ನಿಜ ಒಂದು ಸುಳ್ಳು, ಅಂದರೆ ಒಬ್ಬರು ತಮ್ಮ ಬಗ್ಗೆ ಮೂರು ಮಾತು ಹೇಳಿ ಸುಳ್ಳು ಯಾವುದೆಂದು ಉಳಿದವರು ಊಹಿಸುವುದು, ಎಲ್ಲ ಕಡೆ ಆಡುವ ಆಟ, ಎಲ್ಲ ಕಡೆ ಒಂದೇ ತಪ್ಪು ನಡೆಯುತ್ತದೆ: 30 ಜನರನ್ನು ಒಂದೇ ವೃತ್ತದಲ್ಲಿ ಕೂರಿಸುವುದು. ಒಬ್ಬರಿಗೆ ಮೂರು ನಿಮಿಷ ಎಂದರೂ ಒಂದೂವರೆ ಗಂಟೆ. ಐದಾರು ಜನರ ಗುಂಪು ಮಾಡಿದರೆ 20 ನಿಮಿಷದಲ್ಲಿ ಮುಗಿಯುತ್ತದೆ. ಸುಳ್ಳು ಸಪ್ಪೆಯಾಗಿರಲಿ, ನಿಜ ವಿಚಿತ್ರವಾಗಿರಲಿ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಎಲ್ಲರ ಸುಳ್ಳೂ "ನಾನು ಹಿಮಾಲಯ ಹತ್ತಿದ್ದೇನೆ" ಆಗುತ್ತದೆ. ಇದನ್ನೇ ಚೀಟಿಯಲ್ಲಿ ಬರೆದು "ಬರೆದವರು ಯಾರು" ಎಂದು ಊಹಿಸುವುದಾದರೆ ಕುಟುಂಬದಲ್ಲಿ ಕೈಬರಹವೇ ಉತ್ತರ ಹೇಳಿಬಿಡುತ್ತದೆ. ಕಂಪ್ಯೂಟರ್ ವಿಜ್ಞಾನಿ ಅಲನ್ ಟ್ಯೂರಿಂಗ್ 1950ರ ಪ್ರಬಂಧದಲ್ಲಿ ವರ್ಣಿಸಿದ ಆಟವೂ ಬೇರೆ ಕೋಣೆಯಲ್ಲಿರುವ ಇಬ್ಬರಲ್ಲಿ ಗಂಡು ಯಾರು ಹೆಣ್ಣು ಯಾರು ಎಂದು ಊಹಿಸುವ ಆಟವೇ. ದನಿಯಿಂದ ಗೊತ್ತಾಗಬಾರದೆಂದು ಅಲ್ಲಿ ಉತ್ತರಗಳು ಟೈಪ್ ಆಗಿ ಬರಬೇಕು. ನಮಗೆ ಅಷ್ಟು ಬೇಕಿಲ್ಲ, ಎಲ್ಲರೂ ಒಬ್ಬರ ಮೊಬೈಲಿಗೆ ಕಳಿಸಿ ಅವರೊಬ್ಬರೇ ಓದಿದರಾಯಿತು.

1986ರ ಸುಮಾರಿಗೆ ಮಾಸ್ಕೋದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಯಾಗಿದ್ದ ದಿಮಿತ್ರಿ ದವಿಡೋವ್ ರೂಪಿಸಿದ ಮಾಫಿಯಾ, ಅಂದರೆ ಗುಂಪಿನಲ್ಲಿ ಗುಟ್ಟಾಗಿ ಬೆರೆತ ಕೊಲೆಗಾರರನ್ನು ಉಳಿದವರು ಊಹಿಸಿ ಹಿಡಿಯುವ ಆಟ, ಈಗ ನಮ್ಮ ಕಾಲೇಜು ಪ್ರವಾಸಗಳಲ್ಲೂ ಇದೆ. ಬಲು ಸೊಗಸಾದ ಆಟ, ಆದರೆ ಮೊದಲ ದಿನಕ್ಕಲ್ಲ. ಆಟದೊಳಗಿನ ಮೊದಲ ರಾತ್ರಿಯೇ "ಸತ್ತವರು" 40 ನಿಮಿಷ ಸುಮ್ಮನೆ ಕೂರಬೇಕು, ಪರಿಚಯವಿಲ್ಲದವರ ನಡುವೆ ಮೊದಲು ಹೊರಬೀಳುವುದು ಸಾಮಾನ್ಯವಾಗಿ ಮಾತು ಕಡಿಮೆ ಇರುವವರೇ. ಜನ ಬೆರೆತ ಮೇಲೆ, ಎಂಟರಿಂದ ಹನ್ನೆರಡು ಮಂದಿ, ಮೂರ್ನಾಲ್ಕು ಜನಕ್ಕೊಬ್ಬ ಮಾಫಿಯಾ ಎಂಬ ಲೆಕ್ಕದಲ್ಲಿ ಆಡಿ.

ಬೆನ್ನ ಚೀಟಿಯ ಆಟಕ್ಕೆ ಒಂದು ಕೊನೆಯ ಹೆಜ್ಜೆ ಇದೆ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಆಟದ ಹೆಸರು ಸಿಕ್ಕ ಸಂಭ್ರಮದಲ್ಲಿ ಉತ್ತರ ಹೇಳಿದವರ ನಿಜವಾದ ಹೆಸರು ಕೇಳಿಕೊಳ್ಳುವುದೇ ಮರೆತುಹೋಗಿರುತ್ತದೆ. ಹಾಳೆಯ ಖಾಲಿ ಬದಿಯಲ್ಲಿ ಮೂರು ಗೆರೆ ಎಳೆದಿಟ್ಟಿರಿ. ಆಟ ಮುಗಿದ ಮೇಲೆ ಐದು ನಿಮಿಷ ಕೊಟ್ಟು, ತಮಗೆ ಉತ್ತರ ಹೇಳಿದ ಮೂವರನ್ನು ಹುಡುಕಿ ಅವರ ಹೆಸರು, ಸಂಬಂಧ ಬರೆದುಕೊಳ್ಳಲು ಹೇಳಿ. ಅಷ್ಟು ಹೊತ್ತಿಗೆ ಸರದಿಯೂ ಇಲ್ಲ, ಮೈಕೂ ಇಲ್ಲ, ವಾಕ್ಯ ಜೋಡಿಸಿಕೊಳ್ಳುವ ಗಾಬರಿಯೂ ಇಲ್ಲ. "ನಂಗೆ 'ಅಲ್ಲ' ಅಂದ್ರಲ್ಲ, ನಿಮ್ಮ ಹೆಸರೇನು?" ಎಂದು ಕೇಳುವುದು ಯಾರಿಗೂ ಕಷ್ಟವಾಗುವುದಿಲ್ಲ. ಅಡುಗೆಯವರಿಗೆ ಮಾತ್ರ ಮೊದಲೇ ಹೇಳಿಟ್ಟಿರಿ, ಎಲೆ ಹಾಕುವುದು ಹತ್ತು ನಿಮಿಷ ತಡವಾಗಲಿ ಎಂದು. ಹೆಸರು ಬರೆದುಕೊಳ್ಳಲು ನಿಂತವರು ಐದು ನಿಮಿಷಕ್ಕೆ ಮುಗಿಸುವುದಿಲ್ಲ.